ಭಂಡಾರಿಗೆ ಸುಟ್ಟ ಬಿಲ್ಲೆಗಳು

ಬೆಳಗಿನ ಐದೂವರೆಗೆ ಎದ್ದು ಜೋಳದ ಹಿಟ್ಟು ಹುರಿಯುತ್ತ ನಿಂತಿದ್ದೇನೆ. ರಾಯಚೂರಿನ ನಮ್ಮ ಮನೆಯ ಅಡುಗೆ ಕೋಣೆ ಚಿಕ್ಕದು. ಹಿಟ್ಟು ಕಾದು ಅದರ ಮೇಲೆ ಬೆಲ್ಲದ ನೀರು ಬಿದ್ದರೆ ಸಾಕು, ವಾಸನೆ ಬೀದಿ ಬಾಗಿಲಿನವರೆಗೂ ಹೋಗುತ್ತದೆ. ನಮ್ಮವರು ಎದ್ದು ಬಂದು ಬಾಗಿಲಿಗೆ ಒರಗಿ, "ಯಾರಿಗಿದು?" ಎಂದರು. ನಾನು ಹಿಟ್ಟು ತಿರುವಿದೆ. ಅವರಿಗೇ ಗೊತ್ತಾಯಿತು. "ಚಲೋ ಅದ ಅಂತ ಅವನ ಹೇಳ್ಯಾನಲ್ಲ. ಮತ್ತೇನು ಫಿಕರ್ ನಿಂದು?" ಎಂದು ಮುಖ ತೊಳೆಯಲು ಹೋದರು.

ನಿನ್ನೆ ಸಂಜೆ ಬೀರಪ್ಪನಿಗೆ ಫೋನ್ ಮಾಡಿದ್ದೆ. ಬೀರಪ್ಪ ದೇವದುರ್ಗ ತಾಲ್ಲೂಕಿನ ಗೂಗಲ್ ಕಡೆಯ ಕುರಿಗಾರ. ಅವನ ನಾಯಿ ಭಂಡಾರಿ ಹೇಗಿದೆ ಎಂದು ಕೇಳಿದೆ. "ಚಲೋ ಅದ್ರಿ ಅಕ್ಕಾರ" ಎಂದ. ಅಷ್ಟೇ. ಫೋನ್ ಇಟ್ಟುಬಿಟ್ಟ. ಬೇರೆಯವರಿಗೆ ಇದು ಒಳ್ಳೆಯ ಸುದ್ದಿ. ನಾನು ಮಾತ್ರ ರಾತ್ರಿಯೇ ಹಿಟ್ಟಿನ ಡಬ್ಬಿ ತೆಗೆದಿಟ್ಟೆ. ಯಾಕೆ ಎಂದು ಹೇಳಬೇಕಾದರೆ ಆರು ವರ್ಷದ ಹಿಂದಿನ ಒಂದು ಚಳಿಗಾಲಕ್ಕೆ ಹೋಗಬೇಕು. ಆಗ ನಾನು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಲ್ಲಿ ನರ್ಸಾಗಿದ್ದೆ.

ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಮರಳಿ ಬಂದವಳು ನಾನು. ನರ್ಸ್ ಕೆಲಸಕ್ಕೆ ಈ ಹೆದರಿಕೆ ಒಳ್ಳೆಯದೇ. ಔಷಧದ ಬಾಟಲಿಯ ತಾರೀಖು ಮೂರು ಸಲ ಓದುತ್ತೇನೆ. ಬಂದವರನ್ನೆಲ್ಲ "ಯಾವ ಗುಳಿಗಿ ನಿಮಗ ಆಗಿಬರೂದಿಲ್ಲ?" ಎಂದು ಕೇಳದೆ ಸೂಜಿ ಮುಟ್ಟುವುದಿಲ್ಲ. ಅವರಿಗೆ ಬೇಜಾರಾಗುವಷ್ಟು ಕೇಳುತ್ತೇನೆ. ಕೇಳದೆ ಕೊಟ್ಟದ್ದು ನನ್ನ ಸರ್ವಿಸಿನಲ್ಲಿ ಒಂದೇ ಸಲ, ಅದೂ ನಾಯಿಗೆ.

ಆ ವರ್ಷ ಎಳ್ಳಮವಾಸ್ಯೆ ಮುಗಿದ ಮೇಲೆ ಥಂಡಿ ಜೋರಾಗಿತ್ತು. ಹತ್ತಿ ಬಿಡಿಸಿದ ಹೊಲಗಳಲ್ಲಿ ಕುರಿ ಮಂದೆಗಳು ಬಂದು ತಂಗಿದ್ದವು. ಗೊಬ್ಬರ ಬೀಳಲಿ ಎಂದು ರೈತರು ಕರೆಸುತ್ತಾರೆ. ಒಂದು ಹೊಲದಲ್ಲಿ ನಾಲ್ಕು ದಿನ, ಇನ್ನೊಂದರಲ್ಲಿ ಎಂಟು ದಿನ. ಬೀರಪ್ಪನ ಮಂದೆಯೂ ಹಾಗೆ ಬಂದದ್ದು. ಒಂದು ಬೆಳಿಗ್ಗೆ ನಾನು ಆಸ್ಪತ್ರೆಯ ಬೀಗ ತೆಗೆಯುವಾಗ ಅವನು ಕಂಬಳಿಯಲ್ಲಿ ಏನನ್ನೋ ಹೊತ್ತುಕೊಂಡು ಕಟ್ಟೆಯ ಮೇಲೆ ಕೂತಿದ್ದ. ಮಗು ಎಂದುಕೊಂಡು ಓಡಿದೆ. ಕಂಬಳಿ ಸರಿಸಿದರೆ ನಾಯಿ. ಅರಿಶಿನದ ಬಣ್ಣ; ಮೈಲಾರಲಿಂಗನ ಅರಿಶಿನಪುಡಿಗೆ ಭಂಡಾರ ಎನ್ನುತ್ತಾರೆ, ಅದಕ್ಕೇ ಭಂಡಾರಿ ಎಂದು ಹೆಸರು. ಮಾನ್ವಿ ರಸ್ತೆಯಲ್ಲಿ ಬೈಕಿಗೆ ಸಿಕ್ಕು ಹಿಂದಿನ ತೊಡೆ ಹರಿದಿತ್ತು. ದನದ ಡಾಕ್ಟರು ಹೊಲಿಗೆ ಹಾಕಿದ್ದರು. ದಿನಾ ತೊಳೆದು ಪಟ್ಟಿ ಬದಲಿಸಬೇಕು ಎಂದಿದ್ದರು.

"ನಾವು ನಾಳಿ ಗೂಗಲ್ ಕಡಿ ಹೊಂಟೀವ್ರಿ ಅಕ್ಕಾರ. ಕುರಿ ಈಯಾಕತ್ತಾವ, ಹೊಳಿ ದಂಡ್ಯಾಗ ಮೇವು ಅದ. ಇದು ನಡೀಲಾರದು. ನನ್ನ ಕೈ ಗಲೀಜು, ಕೀವು ಆಗ್ತದ. ನಿಮ್ಮ ಕೈ ಚಲೋ ಅದ ಅಂತ ಮಂದಿ ಅಂತಾರ," ಎಂದ.

ನಾಯಿಗೆ ಪಟ್ಟಿ ಕಟ್ಟುವುದು ನನ್ನ ಕೆಲಸವಲ್ಲ ಎಂದು ಹೇಳಲು ಬಾಯಿ ತೆರೆದೆ. ಆ ನಾಯಿ ನನ್ನನ್ನು ನೋಡಲೇ ಇಲ್ಲ, ಅವನ ಮುಖವನ್ನೇ ನೋಡುತ್ತಿತ್ತು. ನನ್ನ ಬಾಯಿಂದ ಹೂಂ ಎಂದು ಬಂತು. ಏಳುವಾಗ ಅವನು ನಾಯಿಯ ಕಿವಿ ಹಿಡಿದು, "ಇದಿಲ್ಲಂದ್ರ ನನಗ ಒಂದು ಕೈ ಇಲ್ಲದಂಗ್ರಿ" ಎಂದು ಹೇಳಿ ಹೋದ. ಆ ಒಂದು ಮಾತು ನನ್ನ ತಲೆಯೊಳಗೆ ಮೊಳೆ ಹೊಡೆದಂತೆ ಕೂತಿತು.

ಭಂಡಾರಿ ಎರಡು ದಿನ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಪಟ್ಟಿ ಬಿಚ್ಚಲು ಹೋದರೆ ಹಲ್ಲು ತೋರಿಸಿತು. ರಾಯಚೂರಿನಲ್ಲಿ ನನ್ನ ತಂಗಿ ಸುಜಾತಾ ಒಂದು ಬಿಳಿ ನಾಯಿ ಸಾಕಿದ್ದಾಳೆ. ಅದಕ್ಕೆ ಏನೇನೋ ಬಿಸ್ಕೀಟು ಮನೆಯಲ್ಲೇ ಮಾಡುತ್ತಾಳೆ. ಅವಳಿಗೆ ಫೋನ್ ಹಚ್ಚಿದೆ. "ಓಟ್ಸ್ ತಗೋ," ಎಂದಳು. ಹಿರೇಕೊಟ್ನೆಕಲ್‌ನಲ್ಲಿ ಓಟ್ಸ್ ಎಲ್ಲಿಂದ ತರಲಿ? "ಹಂಗಾರ ಜೋಳದ ಹಿಟ್ಟ ತಗೋ. ಉಪ್ಪು ಹಾಕಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹತ್ತಿರ ತರಬ್ಯಾಡ. ಚಾಕಲೇಟಂತೂ ಬ್ಯಾಡೇ ಬ್ಯಾಡ." ಇಷ್ಟನ್ನೂ ನಾನು ಲಸಿಕೆ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ.

ಹಿಟ್ಟು ಸಣ್ಣ ಉರಿಯಲ್ಲಿ ಹುರಿಯಬೇಕು. ಕುದಿಸಿದ ಗೆಣಸು ಹಿಚುಕಿ, ಒಂದು ತತ್ತಿ ಒಡೆದು, ಹುರಿದ ಶೇಂಗಾ ಪುಡಿ ಮಾಡಿ ಹಾಕಿ, ಬೆರಳ ತುದಿಯಷ್ಟು ಬೆಲ್ಲ ಕರಗಿಸಿ ನಾದಬೇಕು. ರೊಟ್ಟಿಯಂತೆ ಬಡಿದು, ಔಷಧ ಬಾಟಲಿಯ ಮುಚ್ಚಳದಿಂದ ಬಿಲ್ಲೆ ಒತ್ತಿ, ಹಂಚಿನ ಮೇಲೆ ಮುಚ್ಚಿಟ್ಟು ಸುಡಬೇಕು. ಆಮೇಲೆ ಮಾಳಿಗೆಯ ಬಿಸಿಲಿಗೆ ಹಾಕಿದರೆ ಸಂಜೆಗೆ ಗಟ್ಟಿಯಾಗುತ್ತವೆ. ಮೊದಲ ಸಲ ಕರಕಲು ಮಾಡಿದೆ, ಎರಡನೆಯ ಸಲ ಹಸಿ ಉಳಿದವು. ಮೂರನೆಯ ಸಲದ ಬಿಲ್ಲೆಯನ್ನು ಭಂಡಾರಿ ಮೂಸಿ, ನನ್ನನ್ನು ಒಮ್ಮೆ ನೋಡಿ, ಕಟುಂ ಎಂದು ಕಡಿಯಿತು. ಅವತ್ತಿನಿಂದ ನಮ್ಮಿಬ್ಬರ ನಡುವೆ ಒಪ್ಪಂದವಾಯಿತು. ಪಟ್ಟಿ ಬಿಚ್ಚುವಾಗ ಒಂದು ಬಿಲ್ಲೆ, ತೊಳೆಯುವಾಗ ಒಂದು, ಕಟ್ಟಿದ ಮೇಲೆ ಒಂದು. ಗುಳಿಗೆಯನ್ನೂ ಬಿಲ್ಲೆಯೊಳಗೇ ಇಟ್ಟು ನುಂಗಿಸುತ್ತಿದ್ದೆ.

ಕುರಿ ತರುಬಿ ಹಟ್ಟಿಗೆ ಕೂಡುವ ಹೊತ್ತಿಗೆ, ಸಂಜೆ ಆರರ ಸುಮಾರಿಗೆ, ಬೀರಪ್ಪನ ಫೋನ್ ದಿನಾ ಬರುತ್ತಿತ್ತು. ಹೊಳೆ ದಂಡೆಯಲ್ಲಿ ಅವನಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅಲ್ಲಮಪ್ರಭುವಿನ ಗುಡಿಯವರೆಗೆ ಹತ್ತಿ ಬಂದು ಮಾಡುತ್ತಿದ್ದ. "ಹ್ಯಾಂಗದ್ರಿ ಅಕ್ಕಾರ?" ಅನ್ನುವುದಷ್ಟೇ ಅವನ ಮಾತು. ಉಳಿದದ್ದೆಲ್ಲ ನನ್ನದು. ಎಷ್ಟು ಬಿಲ್ಲೆ ತಿಂದಿತು, ಗಾಯದ ಅಂಚು ಹೇಗೆ ಕೂಡುತ್ತಿದೆ, ಎಷ್ಟು ಸಲ ಕಾಲು ಎತ್ತಿತು, ನಮ್ಮ ಆಸ್ಪತ್ರೆಯ ಆಯಾ ಮಲ್ಲಮ್ಮನ ಕೋಳಿಯನ್ನು ಹೇಗೆ ನೋಡಿತು. ಹತ್ತು ನಿಮಿಷವಾದರೂ ನನ್ನ ವರದಿ ಮುಗಿಯುತ್ತಿರಲಿಲ್ಲ. ಅವನು ಹೂಂ, ಹೂಂ ಎನ್ನುತ್ತ ಕೇಳುತ್ತಿದ್ದ.

ಮಲ್ಲಮ್ಮ ಕುರುಬರ ಮನೆಯ ಹೆಣ್ಣುಮಗಳು, ನನಗಿಂತ ಹತ್ತು ವರ್ಷ ಹಿರಿಯಳು. ಅವರ ಮನೆಯಲ್ಲಿ ಮೈಲಾರಲಿಂಗನಿಗೆ ನಡಕೊಳ್ಳುವವರೆಲ್ಲರಂತೆ ಐತವಾರ ದೋಣಿ ತುಂಬಿಸುತ್ತಾರೆ. ಕಟ್ಟಿಗೆಯ ಬಟ್ಟಲಿಗೆ ಇಲ್ಲಿ ದೋಣಿ ಎನ್ನುತ್ತಾರೆ. ಹಾಲು, ತುಪ್ಪ, ಬಾಳೆಹಣ್ಣು, ಬೆಲ್ಲ, ಒಣದ್ರಾಕ್ಷಿ ಕಲಸಿ ಅದರಲ್ಲಿ ತುಂಬಿಡುತ್ತಾರೆ. ಮೈಲಾರಲಿಂಗನ ದೀಕ್ಷೆ ಪಡೆದ ಗೊರವಯ್ಯ ಬಂದು ದೇವರ ನಾಯಿಯಾಗಿ ಬೊಗಳಿ, ಬಾಯಿ ಹಾಕಿ ತಿನ್ನುತ್ತಾರೆ. ಉಳಿದದ್ದು ಮನೆಮಂದಿಗೆ. ಕುರಿ ಇದ್ದ ಮನೆಯಾದರೆ ನಾಯಿಗೂ ಅದರಲ್ಲಿ ಪಾಲು.

ಆ ಐತವಾರ ಮಧ್ಯಾಹ್ನ ಮಲ್ಲಮ್ಮ ಮುತ್ತುಗದ ಎಲೆಯಲ್ಲಿ ಒಂದು ಮುದ್ದೆ ತಂದಳು. "ಮೈಲಾರಲಿಂಗನ ನಾಯಿ ಅದ ಅಕ್ಕಾರ. ದೋಣಿ ಮುಟ್ಟಿಸದ ಇಟ್ರ ಗಾಯ ಹ್ಯಾಂಗ ಮಾಯ್ತದ?" ಎಂದಳು. ದೇವರದು ಬೇಡ ಅನ್ನಲು ನನಗೆ ಧೈರ್ಯವೆಲ್ಲಿ. ಆದರೆ ನಾಯಿಗೆ ಅಷ್ಟು ಸಿಹಿ ಒಮ್ಮೆಲೇ ಬೇಡ ಎಂದು ನನ್ನ ಶಾಣ್ಯಾತನ ತೋರಿಸಿದೆ. ಆ ಮುದ್ದೆಯನ್ನು ಜೋಳದ ಹಿಟ್ಟಿಗೆ ಸೇರಿಸಿ ಬಿಲ್ಲೆ ಮಾಡಿದೆ. ಮಲ್ಲಮ್ಮ ತಂದದ್ದರಲ್ಲಿ ನಾಲ್ಕೇ ದ್ರಾಕ್ಷಿ ಇದ್ದವು. ಶ್ಯಾವಿಗೆ ಪಾಯಸಕ್ಕೆಂದು ಇಟ್ಟಿದ್ದ ನನ್ನ ಡಬ್ಬಿಯಿಂದ ಇನ್ನೊಂದು ಹಿಡಿ ನಾನೇ ಹಾಕಿದೆ. ನೋಡಲು ಚೆಂದ ಕಾಣಲಿ ಎಂದು. ಒಂದೊಂದರ ನಡುವೆ ಎರಡೆರಡು ಒತ್ತಿ ಕೂರಿಸಿದೆ. ಭಂಡಾರಿ ಹದಿನಾಲ್ಕು ಬಿಲ್ಲೆ ತಿಂದು ತಟ್ಟೆ ನೆಕ್ಕಿತು. ಉಳಿದ ಎರಡರ ಫೋಟೋ ತೆಗೆದು ಸುಜಾತಾಳಿಗೆ ಕಳಿಸಿದೆ. ಅವಳದಕ್ಕಿಂತ ನನ್ನ ಬಿಲ್ಲೆ ಚೆಂದ ಅನ್ನುವ ಗರ್ವ ನನಗಿತ್ತು, ಸುಳ್ಳೇಕೆ ಹೇಳಲಿ.

ಅವಳು ಫೋಟೋ ನೋಡಿದ್ದು ಸೋಮವಾರ ಬೆಳಿಗ್ಗೆ. ನೋಡಿದವಳೇ ಫೋನ್ ಮಾಡಿದಳು. "ಅಕ್ಕಾ, ನಡುವ ಕರ್ರಗ ಏನದು?"

"ದ್ರಾಕ್ಷಿ."

ಅವಳು ಮೆಲ್ಲಗೆ, "ಅದು ನಾಯಿಗೆ ವಿಷ, ಅಕ್ಕಾ. ಜೋಳದ ಹಿಟ್ಟಿನಾಗ ಯಾರು ದ್ರಾಕ್ಷಿ ಹಾಕ್ತಾರ ಅಂತ ನಾ ಹೇಳಿರಲಿಲ್ಲ," ಎಂದಳು.

ನಾನು ಹೊರಗೆ ಓಡಿದೆ. ಭಂಡಾರಿ ಅಂಗಳದ ಬಿಸಿಲಿನಲ್ಲಿ ಮಲಗಿ ಬಾಲದಿಂದ ನೊಣ ಹೊಡೆಯುತ್ತಿತ್ತು. ಎಂದಿನಂತೇ ಇತ್ತು. ಅದಕ್ಕೇ ಇನ್ನೂ ಹೆಚ್ಚು ಹೆದರಿಕೆಯಾಯಿತು. ಮಲ್ಲಮ್ಮನಿಗೆ ಹೇಳಿದರೆ ಅವಳು ನಂಬಲಿಲ್ಲ. "ದೇವರ ಪ್ರಸಾದ ಹ್ಯಾಂಗ ವಿಷ ಆಗ್ತದ?" ಎಂದಳು. ಆದರೂ ಆಟೋ ತರಲು ಅವಳೇ ಓಡಿದಳು.

ಮಾನ್ವಿಯ ದನದ ಆಸ್ಪತ್ರೆಯಲ್ಲಿ ಡಾಕ್ಟರು ತಾಳ್ಮೆಯ ಮನುಷ್ಯ. "ತಿಂದು ಎಷ್ಟೊತ್ತಾತ್ರಿ ಸಿಸ್ಟರ್?" ಎಂದು ಕೇಳಿದರು. ನಿನ್ನೆ ಮಧ್ಯಾಹ್ನ ಎಂದೆ.

"ವಾಂತಿ ಮಾಡಿಸೋ ಹೊತ್ತು ಹೋತ್ರಿ. ಕೆಲವು ನಾಯಿಗೆ ಏನೂ ಆಗೂದಿಲ್ಲ, ಕೆಲವಕ್ಕ ಕಿಡ್ನಿ ಹೋಗ್ತಾವ. ಯಾವುದಕ್ಕ ಆಗ್ತದ, ಯಾವುದಕ್ಕ ಇಲ್ಲ ಅಂತ ಮೊದಲ ಹೇಳಾಕ ಬರೂದಿಲ್ಲ. ಸಲಾಯಿನ್ ಹಚ್ತೀನಿ. ಮೂರು ದಿನ ಮೂತ್ರ ನೋಡಕೋತ ಇರ್ರಿ. ನಿಂತಿತು ಅಂದ್ರ ರಾಯಚೂರಿಗೆ ಒಯ್ಯಬೇಕು."

ಮೂತ್ರ ನೋಡುವುದು ನನಗೆ ಹೊಸದಲ್ಲ. ಎಷ್ಟು ಬಾಣಂತಿಯರಿಗೆ ನೋಡಿಲ್ಲ. ಮನೆಗೆ ಬಂದು ಹಾಳೆಯ ಮೇಲೆ ಗೆರೆ ಎಳೆದೆ. ಒಂದು ಕಡೆ ಕುಡಿದ ನೀರು, ಇನ್ನೊಂದು ಕಡೆ ಹೊರಗೆ ಹೋದದ್ದು, ಹೊತ್ತು. ನೀರಿನ ಬಟ್ಟಲನ್ನು ಅಳತೆಯ ಲೋಟದಿಂದಲೇ ತುಂಬಿದೆ. ನಾಯಿ ಎದ್ದರೆ ನಾನೂ ಏಳುತ್ತಿದ್ದೆ, ಬೇವಿನ ಗಿಡದ ಬುಡಕ್ಕೆ ಹೋದರೆ ಹಿಂದೆ ಹೋಗಿ ಬಗ್ಗಿ ನೋಡುತ್ತಿದ್ದೆ. ಬಿಪಿ ತೋರಿಸಲು ಬಂದ ಮುದುಕಿಯೊಬ್ಬಳು ನನ್ನನ್ನು ನೋಡಿ, "ಅಕ್ಕಾರಿಗೆ ಏನೋ ಆಗ್ಯದ" ಎಂದು ಮಲ್ಲಮ್ಮನ ಕಿವಿಯಲ್ಲಿ ಹೇಳಿದಳಂತೆ.

ಸಂಜೆ ಆರಕ್ಕೆ ಫೋನ್ ಬಂತು. "ಹ್ಯಾಂಗದ್ರಿ ಅಕ್ಕಾರ?"

ಹೇಳಬೇಕು ಎಂದೇ ಎತ್ತಿದ್ದೆ. ಅವನ ಹಿಂದೆ ಮರಿಗಳು ಕೂಗುವುದು ಕೇಳುತ್ತಿತ್ತು. ಇವನಿಗೆ ಹೇಳಿದರೆ ಈಯುವ ಕುರಿ ಬಿಟ್ಟು ಓಡಿ ಬರುತ್ತಾನೆ, ಬಂದು ಮಾಡುವುದಾದರೂ ಏನು ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ನಿಜ ಬೇರೆ ಇತ್ತು. ಆ ಹೂಂ, ಹೂಂ ಎನ್ನುವ ಧ್ವನಿ ಒಮ್ಮೆಲೇ ನಿಂತರೆ ತಡೆಯುವ ಶಕ್ತಿ ನನಗಿರಲಿಲ್ಲ.

"ಚಲೋ ಅದ," ಎಂದೆ.

ಮಂಗಳವಾರ ಬೆಳಿಗ್ಗೆ ಭಂಡಾರಿ ಎರಡು ಸಲ ವಾಂತಿ ಮಾಡಿತು. ಬಿಲ್ಲೆ ಹಿಡಿದರೆ ಮುಖ ತಿರುವಿತು. ನೀರು ಮೂಸಿ ಬಿಟ್ಟಿತು. ಬೇವಿನ ಬುಡಕ್ಕೆ ಹೋಗಿ ಕಾಲು ಎತ್ತಿ ನಿಂತು, ಏನೂ ಬಾರದೆ, ನನ್ನತ್ತ ನೋಡಿತು. ಹಾಳೆಯ ಮೇಲೆ ಬಲಗಡೆಯ ಸಾಲು ಖಾಲಿ ಉಳಿಯಿತು. ಹತ್ತು ಗಂಟೆಗೆ ರಜೆ ಹಾಕಿ, ಗೂಡ್ಸ್ ಆಟೋದ ಹಿಂದೆ ಗೋಣಿಚೀಲ ಹಾಸಿ, ನಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ರಾಯಚೂರಿಗೆ ಹೊರಟೆ. ದಾರಿಯುದ್ದಕ್ಕೂ ಅದರ ಒಸಡು ಒತ್ತಿ ಬಣ್ಣ ನೋಡುತ್ತಿದ್ದೆ. ಊರು ಹತ್ತಿರವಾಗಿ ಅಕ್ಕಿ ಗಿರಣಿಗಳ ತೌಡಿನ ವಾಸನೆ ಬಂದಾಗ ಭಂಡಾರಿ ಮೂಗು ಎತ್ತಿತು. ಇನ್ನೂ ಮೂಗು ಎತ್ತುತ್ತದೆ ಎಂದು ನನಗೆ ಅಳು ಬಂತು.

ರಾಯಚೂರಿನಲ್ಲಿ ರಕ್ತ ತೆಗೆದರು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಎಷ್ಟು ಎಂಬುದು ಎರಡು ದಿನದಲ್ಲಿ ತಿಳಿಯುತ್ತದೆ ಎಂದರು. ಮುಂಗಾಲಿಗೆ ಸೂಜಿ ಚುಚ್ಚಿ ಸಲಾಯಿನ್ ಹಚ್ಚಿದರು. ಸಂಜೆ ಆರಕ್ಕೆ ಆಸ್ಪತ್ರೆಯ ಪಡಸಾಲೆಯಲ್ಲಿ ಸಲಾಯಿನ್ ಬಾಟಲಿ ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ಹಿಡಿದೆ. "ಚಲೋ ಅದ," ಎಂದೆ. ಬುಧವಾರ ಸಲಾಯಿನ್ ಹಚ್ಚಿಸಿಕೊಂಡು ಬಂದು ಸುಜಾತಾಳ ಮನೆಯ ವರಾಂಡದಲ್ಲಿ, ಅವಳ ಬಿಳಿ ನಾಯಿ ಒಳಗೆ ಬೊಗಳುತ್ತಿರುವಾಗ, ಮತ್ತೆ ಅದೇ ಮಾತು. "ಯಾವುದೋ ನಾಯಿ ಬೊಗಳಾಕತ್ತದಲ್ರಿ" ಎಂದ ಬೀರಪ್ಪ. ಬೀದಿ ನಾಯಿ ಎಂದೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸುಜಾತಾ ಚಹಾ ತಂದುಕೊಟ್ಟು, "ಹೇಳಿಬಿಡು ಅಕ್ಕಾ," ಎಂದಳು. ನಾನು ಭಂಡಾರಿಯ ನೀರಿನ ಬಟ್ಟಲು ತುಂಬಿದೆ.

ಗುರುವಾರ ಬೆಳಿಗ್ಗೆ ಸುಜಾತಾಳ ಗಂಡ ತನ್ನ ಸ್ಕೂಟರ್ ತೊಳೆದು ಒರೆಸಿ ನಿಲ್ಲಿಸಿ ಒಳಗೆ ಬಂದಿದ್ದ. ಭಂಡಾರಿ ಕುಂಟುತ್ತ ಎದ್ದಿತು. ಗಾಲಿಯನ್ನು ಮೂಸಿತು. ಕಾಲು ಎತ್ತಿತು. ಬಹಳ ಹೊತ್ತು ನಿಂತಿತ್ತು. ನಾನು ಅಡುಗೆ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಆಮೇಲೆ ಸ್ಕೂಟರ್‌ನ ಗಾಲಿಯಿಂದ ಮೂತ್ರ ಹರಿದು ಕಟ್ಟೆಯವರೆಗೆ ಬಂತು. ತಂಗಿಯ ಗಂಡ "ಅಯ್ಯ, ಈಗ ತೊಳೆದೀನಲ್ಲ" ಎಂದು ಹೊರಗೆ ಬಂದ. ಅಷ್ಟರಲ್ಲಿ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ನಗುತ್ತ ಅಳುತ್ತಿದ್ದೆ. ಆತ ಬಕೆಟ್ ತರಲು ಹೋದ. ಅವತ್ತು ಸಂಜೆ ಬೀರಪ್ಪನ ಜೊತೆ ಹದಿನೈದು ನಿಮಿಷ ಮಾತಾಡಿದೆ. ಸ್ಕೂಟರಿನ ಸುದ್ದಿ ಒಂದನ್ನು ಬಿಟ್ಟು.

ಕಿಡ್ನಿ ಪೂರ್ತಿ ಮೊದಲಿನಂತಾಗುವುದಿಲ್ಲ, ನೀರು ಸದಾ ಮುಂದಿರಬೇಕು ಎಂದು ಡಾಕ್ಟರು ಹೇಳಿದರು. ಮೂರು ವಾರದ ಮೇಲೆ ಗಾಯ ಮಾಯ್ದು, ಭಂಡಾರಿಯನ್ನು ಕರೆದುಕೊಂಡು ನಾನೇ ಗೂಗಲ್‌ಗೆ ಹೋದೆ. ದೇವದುರ್ಗದ ಮೇಲೆ ಹಾಯ್ದು ಹೋಗುವಷ್ಟು ದೂರವೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಕೃಷ್ಣೆ ಇಳಿದು ಬಂಡೆಗಳು ತೋರಿದ್ದವು. ಬೀರಪ್ಪನನ್ನು ಕಂಡ ಕೂಡಲೇ ನಾಯಿ ಕುಂಟು ಮರೆತು ಓಡಿತು. ಅವನು ಕೂತಲ್ಲೇ ಅದರ ತೊಡೆ, ಬೆನ್ನು, ಕಿವಿ ಎಲ್ಲ ಮುಟ್ಟಿ ನೋಡಿದ. ನಾನು ನಿಂತೇ, "ಅಣ್ಣಾ, ನಾ ನಿನಗ ಸುಳ್ಳು ಹೇಳೀನಿ" ಎಂದೆ.

"ಗೊತ್ತದ್ರಿ ಅಕ್ಕಾರ," ಎಂದ ಅವನು ನಾಯಿಯ ಮೇಲಿನ ಕೈ ತೆಗೆಯದೆ. "ದಿನಾ ಗುಡಿ ಕಟ್ಟಿ ಮ್ಯಾಲ ಕುಂತು ಕಾಲು ಜೋಮು ಹಿಡಿಯೋ ತನಕ ನಿಮ್ಮ ಮಾತು ಕೇಳತಿದ್ದೆ. ಆ ಮೂರು ದಿನ ಬರೇ 'ಚಲೋ ಅದ' ಅಂದ್ರಿ. ಖರೇನ ಚಲೋ ಇದ್ರ ನೀವು ಅಷ್ಟಕ್ಕ ಬಿಡೋರಲ್ಲ."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ನೀವು ಹೇಳತಿದ್ರಿ. ಕೇಳಲಿಲ್ಲಂದ್ರ ನಾಯಿ ಇನ್ನಾ ಜೀವಂತ ಅದ ಅಂತ ತಿಳಕೊಂಡು ಇರಬಹುದಿತ್ತು." ನಾಯಿಯ ಕಿವಿ ಸವರುತ್ತ, "ಏನಾಗಿತ್ರಿ?" ಎಂದ.

ದೋಣಿಯ ಮುದ್ದೆ, ನನ್ನ ಹಿಡಿ ದ್ರಾಕ್ಷಿ, ಮಾನ್ವಿ, ರಾಯಚೂರು, ಎಲ್ಲ ಹೇಳಿದೆ. ಬೈಯುತ್ತಾನೆ ಎಂದು ಕಾದೆ. ಅವನು ಬೈಯಲಿಲ್ಲ. ನಾಯಿಯ ಕಿವಿಯ ಮೇಲೆ ಆಡುತ್ತಿದ್ದ ಬೆರಳು ನಿಂತಿತು.

"ಬರೇ ದ್ರಾಕ್ಷಿ ಏನ್ರಿ?"

"ಹೂಂ ಅಣ್ಣಾ. ಬರೇ ದ್ರಾಕ್ಷಿ."

"ಇದರ ತಾಯಿ ಇತ್ರಿ. ಕೆಂಪಿ ಅಂತ," ಎಂದ. "ಎರಡು ವರ್ಷದ ಹಿಂದ ಮಗಳ ಮದುವಿ ಆತು. ಖುಷಿಗೆ ದೋಣ್ಯಾಗ ದ್ರಾಕ್ಷಿ ಬಾಳ ಹಾಕಿದ್ದೆ. ಕೆಂಪಿಗೆ ನನ್ನ ಕೈಯಾರ ಉಣಿಸಿದೆ. ನಾಕನೇ ದಿನಕ್ಕ ಹೋತು. ದೋಣಿ ಉಂಡು ಹೋತಲ್ಲ, ಮೈಲಾರಲಿಂಗ ತನ್ನ ನಾಯಿನ್ನ ತಾನ ಕರಕೊಂಡ ಅಂತ ಊರೆಲ್ಲ ಹೇಳಕೋತ ಅಡ್ಡಾಡಿದೆ."

ಭಾರ ಇಳಿಸಲು ಹೋದವಳು ನಾನು. ಇಳಿಸಿದೆ, ಅವನ ಹೆಗಲ ಮೇಲೆ. ಚೀಲದಿಂದ ಬಿಲ್ಲೆಯ ಡಬ್ಬಿ ತೆಗೆದು ಅವನ ಮುಂದೆ ಇಟ್ಟೆ. ಅವನು ಮುಚ್ಚಳ ತೆಗೆದು ಒಂದನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದ. ಮುರಿದು ಒಳಗೆ ನೋಡಿದ. ಭಂಡಾರಿ ಬಾಲ ಆಡಿಸುತ್ತ ಕಾದಿತ್ತು. ಅರ್ಧ ತನ್ನ ಬಾಯಿಗೆ ಹಾಕಿಕೊಂಡು ನಿಧಾನ ಅಗಿದು ನುಂಗಿದ. ಆಮೇಲೆ ಉಳಿದರ್ಧ ನಾಯಿಗೆ ಕೊಟ್ಟ. "ಉಪ್ಪಿಲ್ರಿ," ಎಂದ.

ಆಮೇಲೆ ನನಗೆ ರಾಯಚೂರಿಗೆ ವರ್ಗವಾಯಿತು. ವರ್ಷಕ್ಕೆ ಮೂರು ನಾಲ್ಕು ಸಲ ಫೋನ್ ನಡೆಯುತ್ತದೆ. ಈಗ ಹೇಳುವವನು ಅವನು, ಹೂಂ ಎನ್ನುವವಳು ನಾನು. ದೋಣಿಗೆ ಹಾಲು, ತುಪ್ಪ, ಬಾಳೆಹಣ್ಣು ಅಷ್ಟೇ ಎಂದು ತಮ್ಮ ಮಂದಿಗೆಲ್ಲ ಹೇಳಿದ್ದಾನೆ. ಕೆಲವರು ಜಗಳ ಮಾಡಿದರಂತೆ. ಭಂಡಾರಿ ಎಷ್ಟು ನೀರು ಕುಡಿಯಿತು, ಯಾವ ಮರಿ ಹಿಂದೆ ಓಡಿತು, ಬಾಯಿಯಲ್ಲಿ ಎಷ್ಟು ಹಲ್ಲು ಉಳಿದವು, ಅವನ ವರದಿ ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ.

ನಿನ್ನೆ ಮಾತ್ರ "ಚಲೋ ಅದ್ರಿ ಅಕ್ಕಾರ" ಎಂದು ಇಟ್ಟುಬಿಟ್ಟ.

ಬಿಲ್ಲೆ ಈ ಸಲ ಮೆತ್ತಗೆ ಸುಟ್ಟಿದ್ದೇನೆ, ಹಲ್ಲಿಲ್ಲದಿದ್ದರೂ ತಿನ್ನುವಂತೆ. ಒಂದನ್ನು ಮುರಿದು ಅರ್ಧ ನಾನು ತಿಂದು ನೋಡಿದೆ. ಏಳೂವರೆಗೆ ದೇವದುರ್ಗದ ಬಸ್ಸಿದೆ. ನಮ್ಮವರು ಮುಖ ಒರೆಸಿಕೊಳ್ಳುತ್ತ ಬಂದು, "ಇನ್ನೊಮ್ಮೆ ಫೋನ್ ಮಾಡಿ ಕೇಳಬಾರದೇನು? ಸುಮ್ನ ಅಷ್ಟು ದೂರ" ಎಂದರು. ಫೋನ್ ಅಲ್ಲೇ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿತ್ತು. ನಾನು ಮುಟ್ಟಲಿಲ್ಲ. ನಾನು ಗೂಗಲ್ ಮುಟ್ಟುವವರೆಗಾದರೂ ನನ್ನ ಪಾಲಿಗೆ ಭಂಡಾರಿ ಇರಲಿ.